ನಲವತ್ತೊಂದು ಡಿಗ್ರಿ, ಅರೆಕಾಲು ಸುತ್ತು

ಸೋಮವಾರ ಬೆಳಿಗ್ಗೆ ಇಸ್ತ್ರಿ ಶೆಡ್ಡಿನ ಗೋಡೆಯ ಮೇಲಿದ್ದ ಥರ್ಮಾಮೀಟರನ್ನು ಮೊಳೆಯಿಂದ ಬಿಡಿಸಿ ಮ್ಯಾನೇಜರರ ಕೋಣೆಯಲ್ಲಿ ನೇತುಹಾಕಲಾಯಿತು. ಶೆಡ್ಡಿನ ಶಾಖ ಮೂವತ್ತಾರು ಡಿಗ್ರಿ ದಾಟಿದರೆ ಗಂಟೆಗೆ ಹತ್ತು ನಿಮಿಷ ಕೆಲಸ ನಿಲ್ಲಿಸಬೇಕು ಎಂಬ ನಿಯಮ ಅದೇ ಮೊಳೆಯ ಕೆಳಗೆ, ಗಾಜಿನ ಚೌಕಟ್ಟಿನೊಳಗೆ ಇತ್ತು. ನಿಯಮವನ್ನು ಯಾರೂ ಮುಟ್ಟಲಿಲ್ಲ. ಮ್ಯಾನೇಜರರ ಕೋಣೆಯಲ್ಲಿ ಏಸಿ ಇತ್ತು. ಅಂದಿನಿಂದ ಕಾರ್ಖಾನೆಯ ಅಧಿಕೃತ ಶಾಖ ಇಪ್ಪತ್ತನಾಲ್ಕು ಡಿಗ್ರಿ. ಶೆಡ್ಡಿನ ಇಪ್ಪತ್ತೆರಡು ಹೆಂಗಸರಿಗೆ ಆ ಹತ್ತು ನಿಮಿಷ ಇಲ್ಲವಾಯಿತು.

ಈ ಸಂಗತಿಗೂ ಸ್ಟೋರ್ ಗುಮಾಸ್ತನಿಗೂ ಏನೇನೂ ಸಂಬಂಧವಿರಲಿಲ್ಲ. ಸಂಬಂಧ ಬಾರದಂತೆ ನೋಡಿಕೊಳ್ಳುವುದರಲ್ಲಿ ಅವನಿಗೆ ಹತ್ತೊಂಬತ್ತು ವರ್ಷಗಳ ಪಳಗಿದ ಕೈ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು, ಬಿಸಿ ಉರುಳೆಗಳ ನಡುವೆ ಹಾಯಿಸಿ, ಮಡಚಿ ಕಳಿಸುವ ಆ ಲಾಂಡ್ರಿ ಕಾರ್ಖಾನೆಯಲ್ಲಿ ಸೋಪಿನ ಪುಡಿ, ಗಂಜಿ, ದಾರ ಅಳೆದು ಕೊಡುವುದು ಅವನ ಕೆಲಸ. ಯಾರಾದರೂ ಸಂಘ, ಸಹಿ, ಮನವಿ ಎಂದುಕೊಂಡು ಸ್ಟೋರಿನ ಕಿಟಕಿಯ ಬಳಿ ಬಂದರೆ ಸಾಕು, ಅವನಿಗೆ ಗೋದಾಮಿನ ಹಿಂದೆ ಏನೋ ಬಿದ್ದ ಸದ್ದು ಕೇಳಿಸುತ್ತಿತ್ತು. "ಇರಿ, ಏನೋ ಬಿತ್ತು, ನೋಡ್ಕೊಂಡು ಬರ್ತೀನಿ" ಎಂದು ಹೋದವನು ಅವರು ಹೋದ ಮೇಲೆಯೇ ಬರುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿ ಏನೂ ಬಿದ್ದಿರಲಿಲ್ಲ.

ಕಾರ್ಖಾನೆಯಲ್ಲಿ, ಬೀದಿಯಲ್ಲಿ, ಹೆಂಡತಿಯ ತವರಿನಲ್ಲಿ ಎಲ್ಲ ಕಡೆ ಅವನಿಗೆ ಅರೆಕಾಲು ಎಂದೇ ಹೆಸರು. ಈ ಹೆಸರಿನ ಮೂಲ ಒಂದು ಆಟದ ಕಾರು. ಆಟದ ಕಾರು ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಆದ್ದರಿಂದ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಒಂದೂವರೆ ಗೇಣು ಉದ್ದ, ಹೊಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ನೈಟ್ರೊ ಇಂಜಿನ್ನು. ಪೆಟ್ರೋಲು ಮುಟ್ಟುವುದಿಲ್ಲ. ಅದಕ್ಕೆಂದೇ ಬರುವ ಘಾಟಿನ ಇಂಧನ ಕುಡಿದು, ಕೈಯಲ್ಲಿನ ರಿಮೋಟು ಹೇಳಿದ ಕಡೆಗೆ, ಕಿವಿ ಹರಿಯುವಂತೆ ಕಿರುಚುತ್ತ ಓಡುತ್ತದೆ. ಗಾಳಿಗೆ ಇಂಧನ ಬೆರೆಸುವ ಅದರ ಕಾರ್ಬೊರೇಟರಿನ ಕತ್ತಿನಲ್ಲಿ ಒಂದು ಸೂಜಿ ತಿರುಪು. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಹೊರಕ್ಕೆ ತಿರುಗಿಸಿದರೆ ಜಾಸ್ತಿ. ಚಳಿ ಬಿದ್ದು ಗಾಳಿ ದಟ್ಟವಾದರೆ ಹೊರಕ್ಕೆ. ಸೆಕೆ ಹೆಚ್ಚಿ ಗಾಳಿ ತೆಳುವಾದರೆ ಒಳಕ್ಕೆ. ಅದೂ ಎಷ್ಟು? ಒಂದು ಸುತ್ತಿನ ಎಂಟನೇ ಒಂದು ಪಾಲು, ಅಂದರೆ ಅರೆಕಾಲು. ಬೆಳಿಗ್ಗೆ ಕೂಡಿಸಿದ್ದು ಮಧ್ಯಾಹ್ನಕ್ಕೆ ತಪ್ಪು, ಮೋಡ ಬಂದರೆ ಮತ್ತೆ ತಪ್ಪು. ಅದಕ್ಕೆಂದೇ ಅವನು ಶಾಖ, ತೇವ ಅಳೆಯುವ ಒಂದು ಮಾಪಕ ಇಟ್ಟುಕೊಂಡು, ಎಷ್ಟು ಶಾಖಕ್ಕೆ ಎಷ್ಟು ಸುತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅತ್ತೆಯ ಸಿಟ್ಟನ್ನೂ ಇಷ್ಟು ಎಚ್ಚರದಿಂದ ಅಳೆದವನಲ್ಲ ಅವನು. ಕಾಲಕ್ರಮದಲ್ಲಿ ಈ ಮಾತು ನಾಲಿಗೆಗೆ ಅಂಟಿತು. ಸಾರಿಗೆ ಉಪ್ಪು ಅರೆಕಾಲು ಜಾಸ್ತಿ ಎನ್ನುವನು, ಟೀವಿಯ ಸದ್ದು ಅರೆಕಾಲು ಇಳಿಸು ಎನ್ನುವನು. ಬುದ್ಧಿಯೂ ಅಷ್ಟೇ ಇದೆ ಎಂದು ಅವನ ಬಾಮೈದ ಲೆಕ್ಕ ಹಾಕಿ ಹೇಳಿದ್ದ.

ಈ ಬಾಮೈದನಿಂದಲೇ ಅವನ ಮೊದಲ ಇಂಜಿನ್ನು ಹಾಳಾದದ್ದು. ಬಾಡಿಗೆ ಮನೆಯ ಮೇಲಂತಸ್ತು ಒಲೆಯಂತೆ ಕಾಯುತ್ತದೆ ಎಂದು ಬಾಮೈದ ಬಂದಾಗಲೆಲ್ಲ ಕುಟುಕುತ್ತಿದ್ದ. ಒಮ್ಮೆ ತಾರಸಿಯ ಮೇಲೆ, "ಭಾವ, ಇವತ್ತು ಎಷ್ಟಿದೆ ನಿಮ್ಮನೆ ಶಾಖ? ನಿಮ್ಮ ಪುಸ್ತಕದಲ್ಲಿ ಬರೀರಿ, ನೋಡೋಣ" ಎಂದ. ಮಾಪಕ ಮೂವತ್ತಮೂರು ತೋರಿಸುತ್ತಿತ್ತು. ಭಾವ ಮಾಪಕಕ್ಕೆ ಬೆನ್ನು ಅಡ್ಡಕೊಟ್ಟು, ಮರ್ಯಾದೆಗಾಗಿ, ಇಪ್ಪತ್ತೈದು ಎಂದು ಬರೆದ. ಪಕ್ಕದ ಕಾಲಂನಲ್ಲಿ ಸೂಜಿಯ ಸುತ್ತನ್ನು ಮಾತ್ರ ನಿಜ ಬರೆದ. ಆರು ತಿಂಗಳಾದ ಮೇಲೆ ನಿಜವಾಗಿ ಇಪ್ಪತ್ತೈದು ಡಿಗ್ರಿಯ ಒಂದು ತಂಪು ಬೆಳಿಗ್ಗೆ ಪುಸ್ತಕ ತೆರೆದ, ಅದು ಹೇಳಿದಷ್ಟೇ ಸೂಜಿ ತಿರುಗಿಸಿದ, ಓಡಿಸಿದ. ಸೆಕೆಯ ದಿನಕ್ಕೆ ಕಟ್ಟಿದ ಇಂಧನ ತಂಪಿನ ದಿನಕ್ಕೆ ಸಾಲಲಿಲ್ಲ. ಮೂರು ಸುತ್ತು ಇಂಜಿನ್ನು ಎಂದೂ ಓಡದ ವೇಗದಲ್ಲಿ ಓಡಿತು. ನಾಲ್ಕನೆಯ ಸುತ್ತಿಗೆ ಕಿರ್ ಎಂದು ಹಲ್ಲು ಕಚ್ಚಿ ನಿಂತಿತು. ಆ ಕರಕಲು ಪಿಸ್ಟನ್ನಿಗೆ ತೂತು ಕೊರೆದು ಅವನು ಮನೆಯ ಬೀಗದ ಕೈಗೆ ಪೋಣಿಸಿಕೊಂಡ. ಜಗತ್ತಿನಲ್ಲಿ ಅವನಿಗೆ ಸುಳ್ಳು ಹೇಳಲು ಎಲ್ಲ ಕಡೆ ಜಾಗವಿತ್ತು, ಆ ಪುಸ್ತಕವೊಂದನ್ನು ಬಿಟ್ಟು.

ನಲವತ್ತೇಳು ವರ್ಷದ ಗಂಡಸು ದಿನಾ ತಾರಸಿಯ ಮೇಲೆ ಆಟದ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒದ್ದೆ ಬೆರಳು ಎತ್ತಿ ಗಾಳಿ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಬೀದಿ ಸುಮ್ಮನೆ ನೋಡುತ್ತದೆಯೇ? ಕೆಳಮನೆಯ ನಿವೃತ್ತ ಟೀಚರು ಒಂದು ದಿನ ಬಟ್ಟೆ ಒಣಹಾಕುವ ನೆವದಲ್ಲಿ ಹತ್ತಿಬಂದರು. ಅವನು ಪಟ್ಟನೆ ಕಾರಿನ ಮೇಲೆ ಬಕೆಟ್ಟು ಬೋರಲು ಹಾಕಿದ.

"ಏನಪ್ಪಾ ಅದು ದಿನಾ ಬರೀತೀಯ?"

"ವಾತಾವರಣ ವೀಕ್ಷಣೆ ಟೀಚರ್."

ಮಾತು ಬಾಯಿಂದ ಹೊರಗೆ ಬಂದ ಮೇಲೆ ಅದು ಎಷ್ಟು ದೊಡ್ಡದು ಎಂದು ಅವನಿಗೇ ಗೊತ್ತಾಯಿತು. ಆದರೆ ಚಿಕ್ಕದು ಮಾಡಿಕೊಳ್ಳಲು ಮನಸ್ಸು ಬರಲಿಲ್ಲ.

"ಯಾರಿಗೆ ಕಳಿಸ್ತೀಯ?"

"ಅದೆಲ್ಲ ಹೇಳೋ ಹಾಗಿಲ್ಲ."

ಸಾಕಾಯಿತು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತು: ಅರೆಕಾಲು ಹವಾಮಾನ ಇಲಾಖೆಯವರ ಗುಟ್ಟಿನ ಮನುಷ್ಯ. ಮರುದಿನದಿಂದ ಅವನು ಕೆಲಸಕ್ಕೆ ಹೊರಟರೆ ಬಾಗಿಲುಗಳು ತೆರೆದವು. ಹಿಟ್ಟು ಇವತ್ತು ಉಬ್ಬುತ್ತಾ ಎಂದು ಬೇಕರಿಯವನು ಕೇಳಿದ. ಹಾಸಿಗೆ ಬಿಸಿಲಿಗೆ ಹಾಕಲೇ ಎಂದು ಮೂರನೇ ಮನೆಯವಳು ಕೇಳಿದಳು. ಅವನು ಆಕಾಶ ನೋಡಿ, ಕಣ್ಣು ಕಿರಿದು ಮಾಡಿ, "ತೇವ ಅರೆಕಾಲು ಜಾಸ್ತಿ ಇದೆ" ಎನ್ನುತ್ತಿದ್ದ. ಇದಕ್ಕೆ ಯಾರು ಹೇಗೆ ಬೇಕಾದರೂ ಅರ್ಥ ಹಚ್ಚಬಹುದಾಗಿತ್ತು, ಹಚ್ಚಿದರು. ಬಣ್ಣ ಬಳಿಯುವವನೊಬ್ಬ ಮಾತ್ರ ಹಟ ಹಿಡಿದು ಹೌದೋ ಅಲ್ಲವೋ ಎಂದು ಕೇಳಿ, "ಬಳಿ, ಮಳೆ ಇಲ್ಲ" ಎಂಬ ಉತ್ತರ ಪಡೆದ. ಆ ಮಧ್ಯಾಹ್ನ ಸುರಿದ ಮಳೆಗೆ ಗೋಡೆಯ ನೀಲಿಯೆಲ್ಲ ಚರಂಡಿಗೆ ಹೋಯಿತು. ಅರೆಕಾಲು ಎರಡು ದಿನ ಸುತ್ತುಬಳಸಿ ಮನೆಗೆ ಬಂದ. ಆದರೆ ಬೀದಿಯ ತೀರ್ಮಾನ ಬೇರೆಯೇ ಇತ್ತು. ಅಷ್ಟು ಧೈರ್ಯವಾಗಿ ಅಷ್ಟು ತಪ್ಪು ಹೇಳಬೇಕಾದರೆ ಆತ ಸರಕಾರದವನೇ, ಅನುಮಾನ ಇಲ್ಲ.

"ರೀ, ಒಂದಿನ ಈ ಜನ ನಿಮ್ಮನ್ನ ಹಿಡಿದು ಗೋಡೆಗೆ ಬಳೀತಾರೆ" ಎಂದಳು ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಬರೆಯುವವಳು. ಸುಳ್ಳು ಹೇಳುವವರ ಮುಖ ದಿನಕ್ಕೆ ನೂರು ನೋಡುವವಳು. "ಆ ಕಾರಿಗೆ ಜ್ವರ ನೋಡಿದಷ್ಟು ಸಲ ನನಗೆ ನೋಡಿದ್ರೆ ನಾನು ಯಾವತ್ತೋ ಗುಣ ಆಗ್ತಿದ್ದೆ."

"ನಿನಗೇನಾಗಿದೆ?"

"ನೋಡಿ, ಈಗ ಕೇಳ್ತಿದೀರ."

ಇಲ್ಲಿಗೆ ನಾವು ಥರ್ಮಾಮೀಟರು ಕಾಣೆಯಾದ ಸೋಮವಾರಕ್ಕೆ ಬಂದೆವು. ಮಂಗಳವಾರ ಬೆಳಿಗ್ಗೆ ಸ್ಟೋರಿನ ಕಿಟಕಿಯಲ್ಲಿ ಒಂದು ಮುಖ. ಇಸ್ತ್ರಿ ಶೆಡ್ಡಿನ ಹಿರಿಯಳು, ಎಲ್ಲರಿಗೂ ದೊಡ್ಡಕ್ಕ, ಮೊಣಕೈತನಕ ಹಳೆಯ ಸುಟ್ಟ ಕಲೆಗಳು.

"ಅಣ್ಣಾ, ನೀವು ಹವಾಮಾನದವರಂತೆ. ಬಣ್ಣದವನು ನನ್ನ ತಮ್ಮನೇ."

ಅರೆಕಾಲುವಿಗೆ ಗೋದಾಮಿನ ಹಿಂದೆ ಭಾರಿ ಸದ್ದು ಕೇಳಿಸಿತು.

"ಹೋಗಿ, ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದಳು ದೊಡ್ಡಕ್ಕ. ಅವನು ಹೋಗಿ, ಏನೂ ಬೀಳದಿದ್ದುದನ್ನು ಕೂಲಂಕಷವಾಗಿ ನೋಡಿ, ಬಂದ. ಅವಳು ಅಲ್ಲೇ ಇದ್ದಳು.

"ನಮ್ಮ ಶೆಡ್ಡಿನ ಮೀಟರು ಸಾಹೇಬ್ರ ರೂಮು ಸೇರ್ತು. ನಿಮ್ಮ ಹತ್ರ ಒಂದಿದೆಯಲ್ಲ, ಅದನ್ನ ತಂದು ನೇತುಹಾಕಿ. ದಿನಾ ಎಷ್ಟು ಅಂತ ಬರೀರಿ. ಇನ್ನೇನೂ ಬೇಡ. ಘೋಷಣೆ ಕೂಗೋಕೆ ಕರೀತಿಲ್ಲ, ಹೆದರಬೇಡಿ."

ಆಗುವುದಿಲ್ಲ ಎನ್ನಲು ಬಾಯಿ ತೆರೆದವನು ಹಾಗೆಯೇ ನಿಂತ. ಅವನ ಪುಸ್ತಕದಲ್ಲಿ ಮೂವತ್ತೆಂಟರ ಮೇಲಿನ ಸಾಲುಗಳೆಲ್ಲ ಖಾಲಿ ಇದ್ದವು. ಬರುವ ತಿಂಗಳು, ಉರಿಬಿಸಿಲಿನಲ್ಲಿ, ವರ್ಷಕ್ಕೊಮ್ಮೆ ನಡೆಯುವ ಇಂಥ ಕಾರುಗಳ ಪಂದ್ಯ. ಬಾಮೈದನೂ ಅದಕ್ಕೆಂದೇ ಇಂಥದೊಂದು ಹೊಸ ಕಾರು ತೆಗೆದುಕೊಂಡಿದ್ದ. ಅಂಥ ಶಾಖ, ಅಂಥ ಹಬೆ ಕಾಸು ಖರ್ಚಿಲ್ಲದೆ ಸಿಗುವ ಜಾಗ ಇಡೀ ಊರಿನಲ್ಲಿ ಒಂದೇ.

"ಎಷ್ಟಿರಬಹುದು ಅಲ್ಲಿ?" ಎಂದು ಕೇಳಿದ, ಬಾಯಲ್ಲಿ ನೀರೂರಿ.

"ಬಂದು ನೋಡಿ. ನಾಲಿಗೆ ಹೊರಗೆ ಬರುತ್ತೆ."

ಹೀಗೆ, ಪರಮ ಸ್ವಾರ್ಥದಿಂದ, ಅರೆಕಾಲು ಕಾರ್ಮಿಕರ ಪರವಾಗಿ ನಿಂತ. ಇದನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸದಿದ್ದರೆ ಮುಂದೆ ಯಾರಾದರೂ ಅವನ ಫೋಟೋಗೆ ಹಾರ ಹಾಕಿಬಿಡುವ ಅಪಾಯವಿದೆ.

ಬುಧವಾರದಿಂದ ಅವನು ಊಟದ ಡಬ್ಬಿಯ ಜೊತೆ ಒಂದು ಬಟ್ಟೆಚೀಲ ತರತೊಡಗಿದ. ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಅವನ ಕನ್ನಡಕ ಮಬ್ಬಾಯಿತು. ಉದ್ದಕ್ಕೆ ನಾಲ್ಕು ಉರುಳೆ ಯಂತ್ರಗಳು. ಒಂದೊಂದರ ಬಾಯಿಗೆ ಇಬ್ಬರು ಒದ್ದೆ ಹೊದಿಕೆ ಹಿಡಿದು ಕೊಡುವವರು, ಆಚೆ ತುದಿಯಲ್ಲಿ ಬೆಂಕಿಯಂಥದನ್ನು ಎಳೆದು ಮಡಚುವವರು. ಬಟ್ಟೆಯಿಂದ ಎದ್ದ ಹಬೆ ತಗಡಿನ ಸೂರಿಗೆ ಬಡಿದು ಮತ್ತೆ ಅವರ ತಲೆಯ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಅರೆಕಾಲು ಖಾಲಿ ಮೊಳೆಗೆ ತನ್ನ ಮಾಪಕ ಸಿಕ್ಕಿಸಿದ. ನಲವತ್ತೊಂದು. ತೇವ ಎಪ್ಪತ್ತೆಂಟು.

"ಅದ್ಭುತ" ಎಂದ ಅವನು, ಮನಸಾರೆ.

ದೊಡ್ಡಕ್ಕ ಅವನನ್ನೊಮ್ಮೆ ನೋಡಿದಳು.

ತನ್ನ ಊಟದ ಬಿಡುವಿನಲ್ಲಿ, ಉರುಳೆಗಳು ಇನ್ನೂ ಓಡುತ್ತಿರುವಾಗಲೇ, ಹಿಂಬಾಗಿಲಿನ ಹೊರಗೆ, ಹಬೆ ಬಂದು ಬೀಳುವ ಮೂಲೆಯಲ್ಲಿ, ಕಾರು ಚಾಲೂ ಮಾಡಿ ಸೂಜಿ ತಿರುಗಿಸಿದ. ಯಂತ್ರಗಳ ಗದ್ದಲದಲ್ಲಿ ಆ ಕಿರುಚಾಟ ಯಾರಿಗೂ ಕೇಳಿಸಲಿಲ್ಲ. ಇಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟ. ಹನಿ ನಾಲ್ಕು ಎಣಿಸುವಷ್ಟು ಹೊತ್ತು ಕುಣಿದು ಆರಿದರೆ ಇಂಜಿನ್ನು ಕ್ಷೇಮ. ಬಿದ್ದ ಕೂಡಲೇ ಮಾಯವಾದರೆ ಅಪಾಯ. ಎರಡಕ್ಕೆ ಮಾಯವಾಯಿತು. ತಕ್ಷಣ ನಿಲ್ಲಿಸಿ, ಹೆಂಗಸರು ಕತ್ತು ಒರೆಸಿಕೊಳ್ಳಲೆಂದು ಬಾಗಿಲ ಬಳಿ ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಟ್ಟೆಯನ್ನು ತೆಗೆದು ಇಂಜಿನ್ನಿಗೆ ಹೊದಿಸಿ, ಐದು ನಿಮಿಷ ತಾಯಿಯಂತೆ ಪಕ್ಕದಲ್ಲಿ ಕೂತ. ಆಮೇಲೆ ಒಳಗೆ ಬಂದು ಮಾಪಕ ನೋಡಿ ಬರೆದ. ದಿನಕ್ಕೆ ನಾಲ್ಕು ಸಲ.

ಅವನು ಬರೆಯುವುದನ್ನು ಇಪ್ಪತ್ತೆರಡು ಜನ ನೋಡಿದರು. ಒಬ್ಬಳು ಅವನಿಗೆ ಸ್ಟೂಲು ತಂದಿಟ್ಟಳು. ಇನ್ನೊಬ್ಬಳು ನೀರು ಕೊಟ್ಟಳು. ಗುರುವಾರ ಹತ್ತು ಗಂಟೆಗೆ ಅವನು ಪುಸ್ತಕ ಮುಚ್ಚುತ್ತಿದ್ದಂತೆ ದೊಡ್ಡಕ್ಕ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದಳು. ಸೂಪರ್‌ವೈಸರು ಓಡಿಬಂದ.

"ಯಾರು ಹೇಳಿದ್ದು ನಿಲ್ಸೋಕೆ?"

"ನಲವತ್ತೊಂದು."

"ನಲವತ್ತೊಂದು ಯಾರು?"

"ಡಿಗ್ರಿ. ಅಲ್ಲಿ ಬರೆದಿದೆ. ಬರೆದವರು ಅಲ್ಲಿ ಕೂತಿದಾರೆ."

ಸೂಪರ್‌ವೈಸರು ತಿರುಗಿ ನೋಡಿದ. ಸ್ಟೂಲಿನ ಮೇಲೆ ಕೂತಿದ್ದ ಅರೆಕಾಲು ಹವಾಮಾನ ವೀಕ್ಷಕನ ಗಾಂಭೀರ್ಯದಿಂದ, ಅಂದರೆ ಓಡಿಹೋಗಲು ಕಾಲು ಏಳದೆ, ಹಾಗೆಯೇ ಕೂತಿದ್ದ.

ಸುದ್ದಿ ಮ್ಯಾನೇಜರರಿಗೆ ಮುಟ್ಟಿತು. ಅವರ ಡ್ರೈವರು ಅರೆಕಾಲುವಿನ ಬೀದಿಯವನೇ. "ಓ, ಅವರಾ ಸಾರ್, ಅವರು ಇಲಾಖೆಯವರು, ಗುಟ್ಟಾಗಿ ಕಳಿಸ್ತಾರೆ, ಯಾರಿಗೆ ಅಂತ ಹೇಳೋ ಹಾಗಿಲ್ಲವಂತೆ" ಎಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸೋಮವಾರ ಮೀಟರು ತೆಗೆಸಿದ್ದು, ಬುಧವಾರ ಅದೇ ಮೊಳೆಗೆ ಇನ್ನೊಂದು ಬಂದು ಕೂತಿದ್ದು, ಎರಡನ್ನೂ ಕೂಡಿಸಿ ಮ್ಯಾನೇಜರರು ಬೆವೆತರು; ಅದೂ ಇಪ್ಪತ್ತನಾಲ್ಕು ಡಿಗ್ರಿಯಲ್ಲಿ. ಹತ್ತೊಂಬತ್ತು ವರ್ಷ "ಏಯ್ ಸ್ಟೋರು" ಎಂದು ಕರೆದ ಬಾಯಿ ಅಂದು ಮಧ್ಯಾಹ್ನ ಕಿಟಕಿಯ ಬಳಿ ಬಂದು, "ಇಲ್ಲಿ ತುಂಬಾ ಸೆಕೆ ಅಲ್ವಾ ನಿಮಗೆ?" ಎಂದಿತು. ಸಂಜೆಯೊಳಗೆ ಸ್ಟೋರಿಗೆ ಹೊಸ ಫ್ಯಾನು ಬಂತು. ಶೆಡ್ಡಿಗೆ ಅಲ್ಲ, ಸ್ಟೋರಿಗೆ.

"ಫ್ಯಾನು ಯಾಕೆ ಕೊಟ್ರು?" ಎಂದು ಹೆಂಡತಿ ಕೇಳಿದಳು.

"ಗೌರವ."

"ನಿಮಗೆ?" ಎಂದವಳೇ ಬಟ್ಟೆಚೀಲದ ಕಡೆ ನೋಡಿ, "ಯಾವುದಕ್ಕೂ ಆ ಚೀಲ ಜೋಪಾನ" ಎಂದಳು.

ಶುಕ್ರವಾರ ಹನ್ನೊಂದೂ ಇಪ್ಪತ್ತಕ್ಕೆ ಅರೆಕಾಲು ಫ್ಯಾನಿನ ಕೆಳಗೆ ಗಂಜಿ ಪುಡಿ ತೂಗುತ್ತಿದ್ದಾಗ ಶೆಡ್ಡಿನ ಕಡೆಯಿಂದ ಏನೋ ಬಿದ್ದ ಸದ್ದು ಕೇಳಿಸಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅದು ನಿಜವಾದ ಸದ್ದು. ಓಡಿದ. ಮೂರನೇ ಯಂತ್ರದಲ್ಲಿ ಮಡಚುವವಳು ಮಡಚಿದ ಬಟ್ಟೆಯ ರಾಶಿಯನ್ನೇ ತಬ್ಬಿಕೊಂಡಂತೆ ಕೆಳಗೆ ಬಿದ್ದಿದ್ದಳು. ದೊಡ್ಡಕ್ಕ ಬಕೆಟ್ಟಿಗೆ ಕೈ ಹಾಕಿದಳು. ಬಟ್ಟೆ ಇರಲಿಲ್ಲ. ಅದು ಹಿಂಬಾಗಿಲ ಹೊರಗೆ, ಅರೆಕಾಲು ಅಂದು ಬೆಳಿಗ್ಗೆಯೇ ಓಡಿಸಿ ಬಿಟ್ಟುಹೋಗಿದ್ದ ಇಂಜಿನ್ನಿನ ಮೇಲೆ, ಎಣ್ಣೆ ಮೆತ್ತಿಕೊಂಡು ಒಣಗಿತ್ತು.

ಯಾರೋ ತಮ್ಮ ಸೆರಗನ್ನೇ ನೆನೆಸಿ ಅವಳ ಕತ್ತಿಗೆ ಒತ್ತಿದರು. ಕಣ್ಣು ಬಿಟ್ಟಳು. ಅರೆಕಾಲು ಏನು ಮಾಡಬೇಕೆಂದು ತಿಳಿಯದೆ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಪುಸ್ತಕ ತೆರೆದು ಬರೆದ: ನಲವತ್ತೆರಡು. ತೇವ ಎಂಬತ್ತು. ಒಬ್ಬರು ಬಿದ್ದರು.

ಮುಂದಿನ ಬುಧವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದರು. ಹೆಂಗಸರು ಕಳಿಸಿದ ಅರ್ಜಿ ಅವರ ಕೈಯಲ್ಲಿತ್ತು. ಇಪ್ಪತ್ತೆರಡು ಸಹಿಗಳಲ್ಲಿ ಒಂಬತ್ತು ಹೆಬ್ಬೆಟ್ಟು. ಅವರು ಸಣ್ಣ ಆಳು, ದೊಡ್ಡ ಚೀಲ, ಪ್ರತಿಯೊಂದಕ್ಕೂ "ದಾಖಲೆ ಇದೆಯೇ?" ಎನ್ನುವವರು. ಯಾರೋ ನೀರು ಬೇಕೇ ಎಂದರೆ ಅದಕ್ಕೂ ಹಾಗೆಯೇ ಎನ್ನಲು ಹೊರಟು ತಡೆದುಕೊಂಡರು.

ಮ್ಯಾನೇಜರರು ತಮ್ಮ ಕೋಣೆಗೆ ಕರೆದೊಯ್ದು ಮೀಟರು ತೋರಿಸಿದರು. "ಇಪ್ಪತ್ತನಾಲ್ಕು. ದಾಖಲೆ ಇದೆ" ಎಂದು ಅಧಿಕಾರಿ ಬರೆದುಕೊಂಡರು. ಆಮೇಲೆ ಶೆಡ್ಡಿಗೆ ಬಂದರು. ಬಾಗಿಲಲ್ಲೇ ಅವರ ಕನ್ನಡಕವೂ ಮಬ್ಬಾಯಿತು.

"ಇಲ್ಲಿನ ದಾಖಲೆ?"

ಇಪ್ಪತ್ತೆರಡು ಕೈಗಳು ಅರೆಕಾಲುವಿನ ಕಡೆ ತೋರಿಸಿದವು. ಅವನು ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ದೊಡ್ಡಕ್ಕ ಅವನ ಕಂಕುಳಿಂದ ಪುಸ್ತಕ ಎಳೆದು ಕೊಟ್ಟಳು. ಅಧಿಕಾರಿ ಕನ್ನಡಕ ಒರೆಸಿಕೊಂಡು, ಸಭೆಗೆ ಓದುವವರಂತೆ, ಗಟ್ಟಿಯಾಗಿ ಓದತೊಡಗಿದರು.

"ನಲವತ್ತೊಂದು. ತೇವ ಎಪ್ಪತ್ತೆಂಟು. ಸೂಜಿ ಅರೆಕಾಲು ಸುತ್ತು ಒಳಗೆ. ಹೊಗೆ ತೆಳ್ಳಗೆ. ಹನಿ ಎರಡು ಎಣಿಸುವಷ್ಟರಲ್ಲಿ ಆರಿತು." ತಲೆ ಎತ್ತಿದರು. "ಇದು ಹವಾಮಾನ ಇಲಾಖೆಯ ಹೊಸ ಪದ್ಧತಿಯೇ?"

ಸುಳ್ಳಿಗೆ ಇನ್ನೊಂದು ಮಹಡಿ ಕಟ್ಟಲು ಅರೆಕಾಲುವಿಗೆ ಇಟ್ಟಿಗೆ ಮುಗಿದಿತ್ತು. ಬೆನ್ನ ಹಿಂದಿನಿಂದ ಚೀಲ ತೆಗೆದ. ಚೀಲದಿಂದ ಕೆಂಪು ಬಣ್ಣದ, ಬಾಗಿಲ ಮೇಲೆ ಏಳು ನಂಬರು ಅಂಟಿಸಿದ ಕಾರು ಹೊರಬಂತು.

"ನಾನು ಯಾವ ಇಲಾಖೆಯವನೂ ಅಲ್ಲ ಸಾರ್. ಇದಕ್ಕೋಸ್ಕರ ಬರೆದಿದ್ದು. ಇದಕ್ಕೆ ಸೆಕೆ ಆಗಿಬರಲ್ಲ."

ಮೊದಲು ನಕ್ಕದ್ದು ಸೂಪರ್‌ವೈಸರು. ಆಮೇಲೆ ಅಧಿಕಾರಿಯ ಜವಾನ. ಆಮೇಲೆ ಹೆಂಗಸರೂ ತಡೆಯಲಾರದೆ ನಕ್ಕರು. ಬಿದ್ದಿದ್ದವಳು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕದ್ದು ಮ್ಯಾನೇಜರರು. ಫ್ಯಾನು ಕೊಟ್ಟ ಸಂಕಟವೆಲ್ಲ ಆ ನಗುವಿನಲ್ಲಿ ಹೊರಗೆ ಬಂತು. "ಆಟದ ಕಾರು," ಎಂದು ಕಣ್ಣೊರೆಸಿಕೊಂಡರು. "ಸಾರ್, ಆಟದ ಕಾರಿನ ಮಾತು ಕೇಳಿ ನಮ್ಮ ಉರುಳೆ ನಿಲ್ಲಿಸಿದಾರೆ ಇವರು." ಅರೆಕಾಲುವೂ ಕೊನೆಗೆ ನಕ್ಕ. ಅಷ್ಟು ಜನ ನಗುವಾಗ ತಾನೊಬ್ಬನೇ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು.

"ಸಾರ್," ಎಂದಳು ದೊಡ್ಡಕ್ಕ, ನಗು ಇಳಿಯುವತನಕ ಕಾದು. "ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಏನೋ ಇದೆಯಲ್ಲ. ಅದನ್ನೂ ಓದಿ."

ಅಧಿಕಾರಿ ಓದಿದರು. "ಮೂವತ್ತೆಂಟರ ಮೇಲೆ ಹತ್ತು ನಿಮಿಷ ಓಟ, ಐದು ನಿಮಿಷ ವಿಶ್ರಾಂತಿ. ಒದ್ದೆ ಬಟ್ಟೆ. ತಪ್ಪಿದರೆ ಸುಟ್ಟುಹೋಗುತ್ತದೆ."

"ಗೇಣುದ್ದದ ಆಟದ ಸಾಮಾನು ಸಾರ್ ಅದು. ಅದಕ್ಕೆ ಈ ಮನುಷ್ಯ ಐದೈದರಂತೆ ಗಂಟೆಗೆ ಇಪ್ಪತ್ತು ನಿಮಿಷ ಬಿಡ್ತಾನೆ. ನಾವು ಅರವತ್ತಕ್ಕೆ ಹತ್ತು ಕೇಳಿದ್ದು. ಕಾರಿನಷ್ಟು ಬೇಡ, ಅದರ ಅರ್ಧ ಕೊಡಿ ಸಾಕು."

ಸೂಪರ್‌ವೈಸರಿನ ಬಾಯಲ್ಲಿ ಉಳಿದಿದ್ದ ನಗು ಎಲ್ಲಿ ಇಡಬೇಕೆಂದು ತಿಳಿಯದೆ ಅಲ್ಲೇ ಒಣಗಿತು.

ಅಧಿಕಾರಿ ಅರೆಕಾಲುವಿನ ಮಾಪಕವನ್ನು ತಮ್ಮ ಚೀಲದ ಮಾಪಕದ ಪಕ್ಕ ಹಿಡಿದು ನೋಡಿದರು. ಎರಡೂ ಒಂದೇ ಹೇಳಿದವು. ಆದರೆ ಇವತ್ತಿನದು ಇವತ್ತಿಗೆ. ಹೆಂಗಸರ ದೂರು ಕಳೆದ ವಾರದ್ದು, ಬಿದ್ದದ್ದೂ ಕಳೆದ ವಾರ. "ಕಾರಿಗೆ ಬರೆದರೇನು, ಕುದುರೆಗೆ ಬರೆದರೇನು, ದಾಖಲೆ ದಾಖಲೆಯೇ" ಎಂದರು. "ಆದರೆ ಈ ಸೂಜಿ, ಹೊಗೆ, ಎಣ್ಣೆಯ ಕಲೆ ಇರೋ ಪುಸ್ತಕವನ್ನ ಕಡತಕ್ಕೆ ಸೇರಿಸೋಕಾಗಲ್ಲ. ಕಳೆದ ವಾರದ ಪುಟವನ್ನ ಶುದ್ಧ ಪ್ರತಿ ಮಾಡಿ ಕೊಡಿ. ಬರೆದವರ ಸಹಿ, ಮ್ಯಾನೇಜರರ ಸಹಿ. ನಾಲ್ಕು ಗಂಟೆಗೆ ಬರ್ತೀನಿ." ಊಟಕ್ಕೆ ಹೋದರು. ದಾಖಲೆ ಹಸಿವನ್ನು ತಡೆಯುವುದಿಲ್ಲ.

ಮೂರು ಗಂಟೆಗೆ ಅರೆಕಾಲುವಿಗೆ ಮ್ಯಾನೇಜರರ ಕೋಣೆಯಿಂದ ಕರೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಕುರ್ಚಿಯ ಮೇಲೆ ಅವನು ಕೂತದ್ದು ಅದೇ ಮೊದಲು. ಏಸಿಯ ಗಾಳಿಗೆ ಗೋಡೆಯ ಥರ್ಮಾಮೀಟರು ಮೆಲ್ಲಗೆ ಟಕ್ ಟಕ್ ಎನ್ನುತ್ತಿತ್ತು. ಮೇಜಿನ ಮೇಲೆ ಗೆರೆ ಎಳೆದ ಬಿಳಿ ಹಾಳೆ, ಪಕ್ಕದಲ್ಲಿ ಅವರದೇ ಪೆನ್ನು.

"ನೋಡಯ್ಯಾ ಸ್ಟೋರು," ಎಂದರು ಮ್ಯಾನೇಜರರು. ಬಹುವಚನ ಹೋಗಿತ್ತು; ಫ್ಯಾನೂ ಹೋಗುವುದರಲ್ಲಿತ್ತು. "ನೀನು ಕೆಟ್ಟವನಲ್ಲ. ಆಟ ಆಡ್ಕೊಂಡಿದ್ದೆ, ಆ ಹೆಂಗಸರು ನಿನ್ನ ತಲೆ ಮೇಲೆ ಮೆಣಸು ಅರೆದ್ರು. ಈಗ ಪ್ರತಿ ಮಾಡು. ನಲವತ್ತೊಂದು ಇರೋ ಕಡೆ ಮೂವತ್ತೈದು ಹಾಕು. ಆ 'ಬಿದ್ದರು' ಗಿದ್ದರು ಬೇಡ. ಅಸಲು ಪುಸ್ತಕ ನನ್ನ ಹತ್ರ ಇರಲಿ."

"ಆಗಲಿ ಸಾರ್" ಎಂದ ಅರೆಕಾಲು. ಅವನು ಸಭ್ಯ, ಹಾಗೆಂದರೆ ಹೆದರುಪುಕ್ಕ. ಪೆನ್ನು ತೆಗೆದುಕೊಂಡು ತಾರೀಕು ಬರೆದ. ಹತ್ತು ಗಂಟೆ ಎಂದು ಬರೆದ. ಶಾಖದ ಕಾಲಂನಲ್ಲಿ ಮೂರು ಬರೆದ. ಐದು ಬರೆಯುವ ಮೊದಲು ಅಭ್ಯಾಸಬಲದಿಂದ ಕಣ್ಣು ಮುಂದಿನ ಕಾಲಮ್ಮಿಗೆ ಹೋಯಿತು.

"ಸಾರ್, ಮೂವತ್ತೈದಕ್ಕೆ ಸೂಜಿ ಎಷ್ಟು ಸುತ್ತು ಅಂತ ಬರೀಲಿ?"

"ಯಾವ ಸೂಜಿ?"

"ಅಲ್ಲ, ನಲವತ್ತೊಂದಕ್ಕೆ ಅರೆಕಾಲು ಒಳಗೆ. ಮೂವತ್ತೈದು ಅಂದ್ರೆ ಬೇರೆ ಆಗುತ್ತಲ್ಲ."

"ಸೂಜಿ ಯಾರಿಗೆ ಬೇಕು? ಏನಾದ್ರೂ ಬರಿ."

ಅರೆಕಾಲು ಪೆನ್ನು ಎತ್ತಿದ. ಬೈದಿದ್ದರೆ ಬರೆಯುತ್ತಿದ್ದ. ಹೆದರಿಸಿದ್ದರೆ ಎರಡು ಪ್ರತಿ ಬರೆಯುತ್ತಿದ್ದ. ಆದರೆ 'ಏನಾದ್ರೂ' ಎಂಬ ಮಾತು ಅವನೊಳಗೆ ಎಲ್ಲೋ ತಿರುಪು ತಿರುಗಿಸಿತು. ಜೇಬಿಗೆ ಕೈ ಹಾಕಿ ಬೀಗದ ಕೈ ಗೊಂಚಲು ತೆಗೆದು ಮೇಜಿನ ಮೇಲಿಟ್ಟ. ಕರಕಲು ಪಿಸ್ಟನ್ನು ಗಾಜಿಗೆ ತಾಗಿ ಠಣ್ ಎಂದಿತು.

"ಏನಿದು?"

"ಏನಾದ್ರೂ ಬರೆದಿದ್ದು ಸಾರ್. ಒಂದ್ಸಲ ಮೂವತ್ತಮೂರು ಇದ್ದದ್ದನ್ನ ಇಪ್ಪತ್ತೈದು ಅಂತ ಬರೆದೆ, ಬಾಮೈದನ ಎದುರು ಮಾನ ಉಳಿಸ್ಕೊಳ್ಳೋಕೆ. ಬರೆದ ದಿನ ಏನೂ ಆಗಲ್ಲ ಸಾರ್. ಅದೇ ಮೋಸ ಇದರಲ್ಲಿ. ಆರು ತಿಂಗಳು ಕಳೆದು ಯಾರೋ ಪುಸ್ತಕ ನಂಬಿ ಓಡಿಸ್ತಾರಲ್ಲ, ಆವಾಗ ಸುಡುತ್ತೆ."

"ಇದು ಕಾರಲ್ಲ ಕಣಯ್ಯಾ. ಶೆಡ್ಡು."

"ಹೌದು ಸಾರ್. ಕಾರಾಗಿದ್ರೆ ಇನ್ನೊಂದು ಪಿಸ್ಟನ್ ಹಾಕಬಹುದಿತ್ತು."

ಮಾತು ಮುಗಿದ ಮೇಲೆ ಅದನ್ನು ಆಡಿದವರು ಯಾರೆಂದು ಅವನೇ ಒಮ್ಮೆ ಹಿಂದೆ ತಿರುಗಿ ನೋಡಿದ. ಗಾಜಿನ ಬಾಗಿಲ ಆಚೆ ದೊಡ್ಡಕ್ಕ ನಿಂತಿದ್ದಳು. ಅವಳ ಹಿಂದೆ ಇನ್ನೂ ಕೆಲವರು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಅವರಿಗೆ ಒಳಗಿನ ಮಾತು ಕೇಳಿಸುವಂತಿರಲಿಲ್ಲ. ಗಾಜು ದಪ್ಪ, ತಂಪು ಹೊರಗೆ ಹೋಗಬಾರದೆಂದು ಹಾಕಿಸಿದ್ದು.

"ಒಂದೇ ಅಂಕಿ," ಎಂದರು ಮ್ಯಾನೇಜರರು, ದನಿ ಇಳಿಸಿ. "ಹತ್ತೊಂಬತ್ತು ವರ್ಷದ ಕೆಲಸ. ಹೆಂಡತಿ ಇದಾಳೆ. ಯೋಚನೆ ಮಾಡು. ಮೂರು ಆಗಲೇ ಬರೆದಿದೀಯ. ಪಕ್ಕದಲ್ಲಿ ಐದು ಹಾಕಿ ಎದ್ದು ಹೋಗು."

ಅರೆಕಾಲು ಯೋಚನೆ ಮಾಡಿದ. ಗೋದಾಮಿನ ಹಿಂದೆ ಏನಾದರೂ ಬೀಳಬಾರದೇ ಎಂದು ಕಿವಿಗೊಟ್ಟ, ಏನೂ ಬೀಳಲಿಲ್ಲ. ಹಾಳೆಯನ್ನು ಹತ್ತಿರ ಎಳೆದುಕೊಂಡು ತಾನು ಬರೆದ ಮೂರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ. ಪೆನ್ನಿಗೆ ಟೋಪಿ ಹಾಕಿ, ಅದು ಅವರದ್ದಾದ್ದರಿಂದ, ಎರಡೂ ಕೈಯಲ್ಲಿ ಮರ್ಯಾದೆಯಿಂದ ಅವರ ಮುಂದಿಟ್ಟ. ಎಣ್ಣೆ ಕಲೆಯ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಶೆಡ್ಡನ್ನ ಮೂವತ್ತೈದಕ್ಕೆ ಇಳಿಸಿ ಸಾರ್, ಮೂವತ್ತೈದು ಅಂತಲೇ ಬರೀತೀನಿ, ಅಂದವಾಗಿ ಬರೀತೀನಿ," ಎಂದ. "ಅಲ್ಲೀತನಕ ಬರೆಯಲ್ಲ."